ಪುಟ ಅಳೆಯದೆ ಪರದೆ ಕೊಳ್ಳಬೇಡಿ

ಡಿಜಿಟಲ್ ಪುಸ್ತಕ ಓದುವುದಕ್ಕೆ ಒಂದು ಇ-ಇಂಕ್ ರೀಡರ್ ಬೇಕು, ಯಾವುದು ಕೊಳ್ಳಲಿ ಎಂದು ಯಾರನ್ನು ಕೇಳಿದರೂ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. ಆರೋ ಏಳೋ ಇಂಚಿನ ಕಿಂಡಲ್ ತೆಗೆದುಕೊಳ್ಳಿ. ಹಗುರ, ಅಗ್ಗ, ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ, ಪರದೆ 300 ಪಿಪಿಐ, ಅಂಗಡಿಯಲ್ಲಿ ಲಕ್ಷಾಂತರ ಪುಸ್ತಕ. ಇನ್ನೇನು ಬೇಕು? ಈ ಸಲಹೆಯಲ್ಲಿರುವ ಒಂದೊಂದು ಮಾತೂ ಬಿಡಿಯಾಗಿ ನೋಡಿದರೆ ನಿಜ. ಒಟ್ಟಾಗಿ ನೋಡಿದರೆ, ಮುಖ್ಯವಾಗಿ ಕನ್ನಡದಲ್ಲಿ ಓದುವವರಿಗೆ, ಅದು ತಪ್ಪು ಸಲಹೆ. ಓದುವವನು ಏನನ್ನು ಓದುತ್ತಾನೆ ಎಂಬ ಮೊದಲ ಪ್ರಶ್ನೆಯನ್ನೇ ಅದು ಕೇಳುವುದಿಲ್ಲ. ಇಂಗ್ಲಿಷ್ ಕಾದಂಬರಿಗಳನ್ನು ಅಂಗಡಿಯಿಂದ ಕೊಂಡು ಓದುವವನಿಗಾಗಿ ಹುಟ್ಟಿದ ಸಲಹೆ, ಶಾಸನಗಳ ಸಂಪುಟ, ಹಳೆಯ ನಿಘಂಟು, ಸಂಶೋಧನ ಪ್ರಬಂಧ, ಸರ್ಕಾರದ ಆದೇಶ, ಅರುವತ್ತು ವರ್ಷದ ಹಿಂದಿನ ಮಾಸಪತ್ರಿಕೆಗಳ ಸ್ಕ್ಯಾನ್ ಇಟ್ಟುಕೊಂಡು ಕೂತವನಿಗೂ ಹಾಗೇ ಅನ್ವಯವಾಗಿಬಿಟ್ಟಿದೆ. ಸಾಧನವನ್ನು ಆರಿಸುವ ಮೊದಲು ಕಡತವನ್ನು ನೋಡಬೇಕು, ಕಡತದೊಳಗಿನ ಪುಟವನ್ನು ಅಳೆಯಬೇಕು. ಉಳಿದೆಲ್ಲ ಲೆಕ್ಕ ಆಮೇಲಿನದು. ಇದು ಈ ಲೇಖನದ ವಾದ.

ಪರದೆಯ ಗುಣದ ಬಗ್ಗೆ ನಡೆಯುವ ಚರ್ಚೆಯನ್ನು ಮೊದಲು ಬದಿಗಿಡೋಣ. ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬ್‌ನಲ್ಲಿ ನಡೆದ ಕೆಲಸದಿಂದ 1997ರಲ್ಲಿ ಇ-ಇಂಕ್ ಕಂಪನಿ ಹುಟ್ಟಿತು. ಕೂದಲೆಳೆಯಷ್ಟು ದಪ್ಪದ ಕೋಶಗಳೊಳಗೆ ಬಿಳಿ ಮತ್ತು ಕಪ್ಪು ಕಣಗಳು. ವಿದ್ಯುತ್ತಿನ ಸೆಳೆತಕ್ಕೆ ಅವುಗಳಲ್ಲಿ ಒಂದು ಬಗೆಯವು ಮೇಲೆ ಬರುತ್ತವೆ, ಇನ್ನೊಂದು ಬಗೆಯವು ಕೆಳಗಿಳಿಯುತ್ತವೆ. ಒಮ್ಮೆ ಮೂಡಿದ ಪುಟ ವಿದ್ಯುತ್ ಇಲ್ಲದೆಯೂ ಹಾಗೆಯೇ ನಿಲ್ಲುತ್ತದೆ. ಬ್ಯಾಟರಿ ಅಷ್ಟು ದಿನ ಬಾಳುವುದು ಅದಕ್ಕೇ. ಪರದೆ ತಾನೇ ಬೆಳಗುವುದಿಲ್ಲ, ಮೇಲೆ ಬಿದ್ದ ಬೆಳಕನ್ನು ಕಾಗದದಂತೆ ಹಿಂದಿರುಗಿಸುತ್ತದೆ. ಅದಕ್ಕೇ ಮಧ್ಯಾಹ್ನದ ಬಿಸಿಲಿನಲ್ಲೂ ಓದಬಹುದು. 2004ರಲ್ಲಿ ಜಪಾನಿನಲ್ಲಿ ಬಂದ ಸೋನಿ ಲಿಬ್ರಿಯೆಯಿಂದ 2007ರ ಕಿಂಡಲ್‌ವರೆಗೆ, ಅಲ್ಲಿಂದ ಇಂದಿನ ಕೋಬೋ, ಪಾಕೆಟ್‌ಬುಕ್, ಬೂಕ್ಸ್, ರಿಮಾರ್ಕೆಬಲ್‌ವರೆಗೆ ಎಲ್ಲವೂ ಈ ಒಂದೇ ಕಂಪನಿಯ ಹಾಳೆಯ ಮೇಲೆ ನಿಂತಿವೆ. 2009ರಲ್ಲಿ ಅದನ್ನು ಕೊಂಡದ್ದು ತೈವಾನಿನ ಸಂಸ್ಥೆ. ಹೀಗಿರುವಾಗ ‘ಯಾರ ಪರದೆ ಚೆಂದ’ ಎಂಬ ಹೋಲಿಕೆಯಲ್ಲಿ ಹುರುಳು ಕಡಿಮೆ. ಒಂದೇ ತಲೆಮಾರಿನ, ಒಂದೇ ಅಳತೆಯ ಎರಡು ರೀಡರ್‌ಗಳ ಪರದೆಗಳ ನಡುವೆ ಕಣ್ಣಿಗೆ ಕಾಣುವ ಅಂತರ ಸಣ್ಣದು. ಅಂತರ ಇರುವುದು ಮೂರರಲ್ಲಿ: ಪರದೆಯ ಅಳತೆ, ಒಳಗಿರುವ ತಂತ್ರಾಂಶ, ಸಾಧನವನ್ನು ಕಟ್ಟಿಹಾಕಿರುವ ಅಂಗಡಿ. ಈ ಮೂರನ್ನೂ ತೂಗಿ ನೋಡಲು ಬೇಕಾದದ್ದು ಓದುವವನ ಕಡತ.

ಕಡತಗಳಲ್ಲಿ ಎರಡು ಜಾತಿ. ಒಂದರಲ್ಲಿ ಪಠ್ಯ ಇರುತ್ತದೆ, ಪುಟ ಇರುವುದಿಲ್ಲ. ಇಪಬ್ ಈ ಬಗೆಯದು. ಪರದೆ ಎಷ್ಟೇ ಚಿಕ್ಕದಾಗಲಿ ಪದಗಳು ಅದರ ಅಗಲಕ್ಕೆ ಹರಿದುಕೊಳ್ಳುತ್ತವೆ. ಅಕ್ಷರವನ್ನು ಓದುಗ ತನಗೆ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಇನ್ನೊಂದರಲ್ಲಿ ಪುಟವೇ ಮುಖ್ಯ. ಪಿಡಿಎಫ್ ಈ ಬಗೆಯದು, ಅದರಲ್ಲೂ ಸ್ಕ್ಯಾನ್ ಮಾಡಿದ ಪಿಡಿಎಫ್ ಎಂದರೆ ಪುಟದ ಚಿತ್ರ. ಅಲ್ಲಿ ಅಕ್ಷರವೊಂದನ್ನೇ ಹಿಗ್ಗಿಸಲಾಗದು, ಹಿಗ್ಗಿಸಿದರೆ ಇಡೀ ಪುಟವೇ ಹಿಗ್ಗುತ್ತದೆ. ಇಂಗ್ಲಿಷ್ ಓದುಗನ ಡಿಜಿಟಲ್ ಕಪಾಟಿನಲ್ಲಿ ಮೊದಲ ಜಾತಿಯೇ ಹೆಚ್ಚು. ಕನ್ನಡದ ಸ್ಥಿತಿ ತದ್ವಿರುದ್ಧ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೈಜೋಡಿಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆಗಿ ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದಿರುವ ಕನ್ನಡ ಪುಸ್ತಕಗಳು, ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಸಂಗ್ರಹಕ್ಕಾಗಿ ಸ್ವಯಂಸೇವಕರು ಸ್ಕ್ಯಾನ್ ಮಾಡಿ ಸೇರಿಸುತ್ತಿರುವ ಪುಸ್ತಕಗಳು ಮತ್ತು ನಿಯತಕಾಲಿಕಗಳು, ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಹಾಕಿದ ಕಿಟ್ಟೆಲ್ ನಿಘಂಟು, ವಿಶ್ವವಿದ್ಯಾಲಯಗಳ ಪ್ರಬಂಧಗಳು, ಇವೆಲ್ಲವೂ ಪುಟಗಳು. ‘ವಚನ ಸಂಚಯ’ದಂತೆ ಶುದ್ಧ ಯೂನಿಕೋಡ್ ಪಠ್ಯವಾಗಿ ಸಿಗುವುದು ಇದರ ಮುಂದೆ ಸಣ್ಣ ಪಾಲು. ಪುಟಗಳ ರಾಶಿಯನ್ನು ಎದುರಿಗಿಟ್ಟುಕೊಂಡವನಿಗೆ ಹರಿಯುವ ಪಠ್ಯಕ್ಕಾಗಿ ಮಾಡಿದ ಸಾಧನವನ್ನು ಕೊಡಿಸುವುದು, ಅಳತೆ ತೆಗೆಯದೆ ಅಂಗಿ ಹೊಲಿಸಿದಂತೆ.

ಅಳತೆಗೆ ಬೇಕಾದ ಮಾಹಿತಿ ಕನ್ನಡ ಪುಸ್ತಕದಲ್ಲೇ ಅಚ್ಚಾಗಿರುತ್ತದೆ. ಶೀರ್ಷಿಕೆಯ ಹಿಂಬದಿಯಲ್ಲಿ ಪ್ರತಿಗಳ ಸಂಖ್ಯೆ, ಕಾಗದದ ತೂಕದ ಜೊತೆಗೆ ‘ಡೆಮಿ 1/8’ ಎಂದೋ ‘ಕ್ರೌನ್ 1/8’ ಎಂದೋ ನಮ್ಮ ಪ್ರಕಾಶಕರು ಹಾಕುತ್ತಲೇ ಬಂದಿದ್ದಾರೆ. ಡೆಮಿ 1/8 ಎಂದರೆ ಸುಮಾರು 140 ಮಿಲಿಮೀಟರ್ ಅಗಲ, 216 ಮಿಲಿಮೀಟರ್ ಎತ್ತರ. ಆರಿಂಚಿನ ರೀಡರಿನ ಪರದೆ ಸುಮಾರು 91 ಮಿಲಿಮೀಟರ್ ಅಗಲ, 123 ಮಿಲಿಮೀಟರ್ ಎತ್ತರ. ಇಡೀ ಪುಟವನ್ನು ಅದರಲ್ಲಿ ಕೂರಿಸಿದರೆ ಪುಟ ಶೇಕಡ 57ಕ್ಕೆ ಕುಗ್ಗುತ್ತದೆ. 12 ಪಾಯಿಂಟಿನಲ್ಲಿ ಅಚ್ಚಾದ ಅಕ್ಷರ 7 ಪಾಯಿಂಟಿಗೂ ಕೆಳಗಿಳಿಯುತ್ತದೆ. ಅಡಿಟಿಪ್ಪಣಿ 9 ಪಾಯಿಂಟಿನದಾದರೆ ಅದು 5ರ ಹತ್ತಿರ. ಇನ್ನು ಎ4 ಹಾಳೆಯ ಪ್ರಬಂಧವೋ ಸುತ್ತೋಲೆಯೋ ಆದರೆ ಕುಗ್ಗುವಿಕೆ ಶೇಕಡ 41ಕ್ಕೆ. 12 ಪಾಯಿಂಟು 5ಕ್ಕೆ ಬಂದು ನಿಲ್ಲುತ್ತದೆ. ಇದೇ ಡೆಮಿ ಪುಟ 10.3 ಇಂಚಿನ ಪರದೆಯಲ್ಲಿ ಶೇಕಡ 97ರಷ್ಟು ಉಳಿಯುತ್ತದೆ. ಅಂದರೆ ಪುಸ್ತಕ ಕೈಯಲ್ಲಿದ್ದಷ್ಟೇ ದೊಡ್ಡದು. ಎ4 ಹಾಳೆ ಅಲ್ಲಿ ಶೇಕಡ 70, 13.3 ಇಂಚಿನಲ್ಲಿ ಶೇಕಡ 91. ಇದು ರುಚಿಯ ಅಥವಾ ಅಭ್ಯಾಸದ ವಿಷಯವಲ್ಲ, ಮಗ್ಗಿ ಬಲ್ಲವರು ಮಾಡಬಹುದಾದ ಲೆಕ್ಕ. ಇದನ್ನು ಮಾಡದೆ ‘ಓದುವುದಕ್ಕೆ ಆರಿಂಚು ಸಾಕು’ ಎನ್ನುವವರು, ಏನನ್ನು ಓದುವುದಕ್ಕೆ ಎಂದು ಹೇಳುವ ಹೊಣೆ ಹೊರಬೇಕು.

ಇಷ್ಟು ಕುಗ್ಗಿದ್ದನ್ನು ರೋಮನ್ ಲಿಪಿ ಹೇಗೋ ತಾಳಿಕೊಂಡೀತು. ಕನ್ನಡ ಲಿಪಿ ತಾಳಿಕೊಳ್ಳುವುದಿಲ್ಲ. ದ ಮತ್ತು ಧ ನಡುವೆ ಇರುವುದು ಬುಡದ ಒಂದು ಸೀಳು. ಧ ಮತ್ತು ಥ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಬ ಮತ್ತು ಭ, ಡ ಮತ್ತು ಢ, ಪ ಮತ್ತು ಫ ಹೀಗೆಯೇ. ಒತ್ತಕ್ಷರ ಸಾಲಿನ ಕೆಳಗೆ, ಮುಖ್ಯ ಅಕ್ಷರಕ್ಕಿಂತ ಚಿಕ್ಕದಾಗಿ ತೂಗುತ್ತದೆ. ಅದರ ಕೆಳಗೆ ಇನ್ನೊಂದು ಒತ್ತೂ ಬರುವುದುಂಟು. ಮೊಳೆ ಜೋಡಿಸಿ ಅಚ್ಚುಹಾಕಿದ ಹಳೆಯ ಪುಸ್ತಕಗಳಲ್ಲಿ ಶಾಯಿ ಹರಡಿ ಈ ಸೀಳು ಚುಕ್ಕೆಗಳು ಮೂಲದಲ್ಲೇ ಅರ್ಧ ಮುಚ್ಚಿರುತ್ತವೆ. ಸ್ಕ್ಯಾನ್ ಮಾಡುವಾಗ ಕಡತ ಚಿಕ್ಕದಾಗಲೆಂದು ಬರಿಯ ಕಪ್ಪು-ಬಿಳುಪಿಗೆ ಇಳಿಸಿದ್ದರೆ ಇನ್ನಷ್ಟು ಹೋಗಿರುತ್ತದೆ. ಅಂಥ ಪುಟವನ್ನು ಶೇಕಡ 57ಕ್ಕೆ ಕುಗ್ಗಿಸಿದಾಗ ಉಳಿಯುವುದು ಊಹೆ. ಪರಿಚಿತ ಗದ್ಯದಲ್ಲಿ ಊಹೆ ನಡೆಯುತ್ತದೆ, ಮುಂದಿನ ಪದ ಹಿಂದಿನ ಪದವನ್ನು ಸರಿಪಡಿಸುತ್ತದೆ. ಹಳಗನ್ನಡ ಪದ್ಯದಲ್ಲಿ, ಶಾಸನದ ಪಾಠದಲ್ಲಿ, ನಿಘಂಟಿನ ನಮೂದಿನಲ್ಲಿ, ಊರಿನ ಅಥವಾ ಮನುಷ್ಯರ ಹೆಸರುಗಳ ಪಟ್ಟಿಯಲ್ಲಿ ಊಹೆ ನಡೆಯುವುದಿಲ್ಲ. ಅಕ್ಷರ ಅಕ್ಷರವನ್ನೂ ಕಾಣಲೇಬೇಕಾದ ಬರವಣಿಗೆಯೇ ಇಂದು ಹೆಚ್ಚಾಗಿ ಸ್ಕ್ಯಾನ್ ಪುಟವಾಗಿ ಮಾತ್ರ ಸಿಗುತ್ತಿದೆ.

ಇದಕ್ಕೆ ಎದುರಾಗಿ ಬರುವ ಮೊದಲ ಮಾತು 300 ಪಿಪಿಐ. ಚಿಕ್ಕ ರೀಡರಿನ ಚುಕ್ಕೆಗಳ ಸಾಂದ್ರತೆ 300, ಬಹಳಷ್ಟು 10.3 ಇಂಚಿನವುಗಳದು 226-227. ಆದ್ದರಿಂದ ಚಿಕ್ಕದೇ ಹೆಚ್ಚು ಸ್ಪಷ್ಟ ಎನ್ನುತ್ತಾರೆ. ಸಾಂದ್ರತೆಯನ್ನು ಅಳೆಯುವುದು ಪರದೆಯ ಇಂಚಿಗೆ. ಓದುಗನಿಗೆ ಬೇಕಾದದ್ದು ಪುಟದ ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ. ಆರಿಂಚಿನ ಪರದೆಯ ಎತ್ತರಕ್ಕೆ ಇರುವುದು 1448 ಪಿಕ್ಸೆಲ್. ಎಂಟೂವರೆ ಇಂಚಿನ ಡೆಮಿ ಪುಟವನ್ನು ಅದರಲ್ಲಿ ತೋರಿಸಿದರೆ ಪುಟದ ಒಂದು ಇಂಚಿನ ಪಾಲಿಗೆ 170 ಪಿಕ್ಸೆಲ್. 10.3 ಇಂಚಿನ ಪರದೆಯ ಎತ್ತರ 1872 ಪಿಕ್ಸೆಲ್. ಪುಟದ ಇಂಚಿಗೆ 220. ಸಾಂದ್ರತೆ ಕಡಿಮೆ ಎಂದು ಬದಿಗೆ ಸರಿಸಿದ ಸಾಧನವೇ ಅದೇ ಪುಟವನ್ನು ಹೆಚ್ಚು ವಿವರವಾಗಿ ತೋರಿಸುತ್ತದೆ, ಅದೂ ಸುಮಾರು 1.7 ಪಟ್ಟು ದೊಡ್ಡದಾಗಿ. ಹರಿಯುವ ಪಠ್ಯಕ್ಕೆ ಪಿಪಿಐ ಒಳ್ಳೆಯ ಅಳತೆಗೋಲು, ಏಕೆಂದರೆ ಅಲ್ಲಿ ಅಕ್ಷರದ ಗಾತ್ರ ಓದುಗನ ಕೈಯಲ್ಲಿದೆ. ಪುಟಕ್ಕೆ ಅದೇ ಅಳತೆಗೋಲು ಹಿಡಿದರೆ ದಾರಿ ತಪ್ಪುತ್ತದೆ. ಜಾಹೀರಾತು ಒಂದು ಸಂಖ್ಯೆಯನ್ನು ದೊಡ್ಡದಾಗಿ ಅಚ್ಚುಹಾಕಿತೆಂದು ಅದೇ ನಮ್ಮ ಪ್ರಶ್ನೆಗೆ ಉತ್ತರವಾಗಬೇಕಿಲ್ಲ.

ಎರಡನೆಯ ಮಾತು, ಅಂಚು ಕತ್ತರಿಸಿ, ಅಥವಾ ಸಾಧನವನ್ನು ಅಡ್ಡ ಹಿಡಿಯಿರಿ ಎಂಬುದು. ಈ ಉಪಾಯಗಳಿಗೆ ಬೆಲೆ ಇದೆ, ಅಲ್ಲಗಳೆಯಬಾರದು. ಡೆಮಿ ಪುಟದ ಬಿಳಿ ಅಂಚನ್ನು ತೆಗೆದರೆ ಉಳಿಯುವ ಅಚ್ಚಿನ ಭಾಗ ಸಾಧಾರಣವಾಗಿ 108ಕ್ಕೆ 178 ಮಿಲಿಮೀಟರ್ ಆಸುಪಾಸು. ಆರಿಂಚಿನಲ್ಲಿ ಅದು ಶೇಕಡ 69ಕ್ಕೆ ಏರುತ್ತದೆ, 7.8 ಇಂಚಿನಲ್ಲಿ ಶೇಕಡ 89ಕ್ಕೆ. ಎರಡನೆಯದು ನೆಮ್ಮದಿಯಾಗಿ ಓದಬಹುದಾದ ಗಾತ್ರ, ಮೊದಲನೆಯದು ಅಲ್ಲ. ಆದರೆ ಹಳೆಯ ಸ್ಕ್ಯಾನ್‌ಗಳು ಅಚ್ಚುಕಟ್ಟಾಗಿ ಕತ್ತರಿಸಿಕೊಳ್ಳುವುದಿಲ್ಲ. ಪುಟ ಓರೆಯಾಗಿರುತ್ತದೆ, ಅಂಚಿನಲ್ಲಿ ಗ್ರಂಥಾಲಯದ ಮುದ್ರೆ, ಯಾರೋ ಎಳೆದ ಪೆನ್ಸಿಲ್ ಗೀಟು, ಬೈಂಡಿಂಗಿನ ಕಪ್ಪು ನೆರಳು ಇರುತ್ತವೆ. ತಂತ್ರಾಂಶ ಅವುಗಳನ್ನೂ ಅಚ್ಚೆಂದೇ ತಿಳಿದು ಅಂಚನ್ನು ಹಾಗೆಯೇ ಬಿಡುತ್ತದೆ, ಇಲ್ಲವೇ ಸಾಲಿನ ಕೊನೆಯ ಅಕ್ಷರವನ್ನೂ ಸೇರಿಸಿ ಕತ್ತರಿಸುತ್ತದೆ. ಅಡ್ಡ ಹಿಡಿದರೆ ಅಕ್ಷರ ಮೂಲ ಗಾತ್ರಕ್ಕೆ ಬರುತ್ತದೆ, ನಿಜ. ಆದರೆ ಒಂದು ಪುಟ ಮೂರು ತುಂಡಾಗುತ್ತದೆ. ಕಾದಂಬರಿಯ ಓದಿಗೆ ಇದು ಸಹ್ಯ. ‘ಎಪಿಗ್ರಾಫಿಯಾ ಕರ್ನಾಟಿಕಾ’ದಂತೆ ಮೂಲಪಾಠ, ಲಿಪ್ಯಂತರ, ಅನುವಾದ ಮೂರನ್ನೂ ತೂಗಿ ನೋಡಬೇಕಾದ ಕಡೆ, ಮೇಲಿನ ಪದ್ಯಕ್ಕೆ ಕೆಳಗಿನ ಪಾಠಾಂತರ ನೋಡಬೇಕಾದ ಕಡೆ, ಕೋಷ್ಟಕದ ತಲೆಸಾಲಿಗೂ ಕೊನೆಯ ಅಂಕಿಗೂ ಕಣ್ಣು ಓಡಾಡಬೇಕಾದ ಕಡೆ ತುಂಡು ಪುಟ ಓದನ್ನೇ ಮುರಿಯುತ್ತದೆ.

ಮೂರನೆಯ ಮಾತು ತಾಂತ್ರಿಕ ಭರವಸೆಯದು. ಪಿಡಿಎಫ್ ಅನ್ನು ಹರಿಯುವ ಪಠ್ಯವಾಗಿ ಮಾರ್ಪಡಿಸುವ ಸೌಲಭ್ಯ ಎಲ್ಲ ಕಡೆ ಇದೆಯಲ್ಲ ಎನ್ನುತ್ತಾರೆ. ಇಂಗ್ಲಿಷಿಗೆ ಇದೆ. ಕನ್ನಡದಲ್ಲಿ ಮೊದಲ ಅಡ್ಡಿ ಸ್ಕ್ಯಾನ್. ಚಿತ್ರದೊಳಗೆ ಪಠ್ಯವೇ ಇಲ್ಲ. ಎರಡನೆಯ ಅಡ್ಡಿ ನಮ್ಮ ಡಿಟಿಪಿಯ ಚರಿತ್ರೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಪುಸ್ತಕದ ಪಿಡಿಎಫ್ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಗೊಜಲು. ಅದನ್ನು ಹರಿಯಬಿಟ್ಟರೆ ಗೊಜಲೇ ಹರಿಯುತ್ತದೆ. ಯೂನಿಕೋಡ್ ಫಾಂಟಿನಲ್ಲಿ ಮಾಡಿದ ಪಿಡಿಎಫ್‌ಗಳಲ್ಲೂ ಗುಣಿತಾಕ್ಷರ ಒತ್ತಕ್ಷರಗಳು ಹೊರತೆಗೆಯುವಾಗ ಹಿಂದುಮುಂದಾಗುವುದು ಸಾಮಾನ್ಯ. ಅಕ್ಷರ ಗುರುತಿಸದೆ ಪದಗಳ ಚಿತ್ರವನ್ನೇ ಕತ್ತರಿಸಿ ಮತ್ತೆ ಜೋಡಿಸುವ ಕೆ2ಪಿಡಿಎಫ್‌ಆಪ್ಟ್ ಎಂಬ ತಂತ್ರಾಂಶವಿದೆ. ಕೆಒರೀಡರ್ ಎಂಬ ಮುಕ್ತ ಓದುತಂತ್ರಾಂಶದೊಳಗೂ ಅದು ಸೇರಿದೆ. ಸ್ವಚ್ಛ ಗದ್ಯಕ್ಕೆ ಅದು ಉಪಕಾರಿ. ಪದ್ಯದ ಪಾದಗಳನ್ನು, ನಾಟಕದ ಮಾತುಗಾರರ ಹೆಸರನ್ನು, ಅಡಿಟಿಪ್ಪಣಿಯ ಜಾಗವನ್ನು ಅದು ಉಳಿಸಿಕೊಡಲಾರದು. ಪದ್ಯದ ಸಾಲು ಮುರಿದರೆ ಛಂದಸ್ಸು ಮುರಿಯುತ್ತದೆ. ಷಟ್ಪದಿಯ ಆರು ಸಾಲನ್ನು ಒಂಬತ್ತು ಮಾಡಿ ತೋರಿಸುವ ಸೌಲಭ್ಯವನ್ನು ಸೌಲಭ್ಯ ಎನ್ನಲಾಗದು.

ಈ ವಾದದ ಇನ್ನೂ ಗಟ್ಟಿಯಾದ ರೂಪ ಒಂದಿದೆ, ಅದಕ್ಕೆ ಗೌರವದಿಂದಲೇ ಉತ್ತರ ಹೇಳಬೇಕು. ಚಿತ್ರದೊಳಗಿನ ಅಕ್ಷರ ಗುರುತಿಸಿ ಪಠ್ಯವಾಗಿಸುವ ಒಸಿಆರ್ ಬೆಳೆಯುತ್ತಿದೆ, ಗೂಗಲ್‌ನ ಒಸಿಆರ್, ಟೆಸ್ಸೆರಾಕ್ಟ್ ಎರಡೂ ಕನ್ನಡ ಓದುತ್ತವೆ, ನಾಳೆ ಇವೆಲ್ಲ ಪುಟಗಳೂ ಪಠ್ಯವಾಗುತ್ತವೆ, ಆಗ ದೊಡ್ಡ ಪರದೆಗೆ ಸುರಿದ ದುಡ್ಡು ದಂಡ ಎಂಬುದು ಅದು. ಪುಟಗಳು ಪಠ್ಯವಾಗಲಿ ಎಂಬುದು ಕನ್ನಡವನ್ನು ಪ್ರೀತಿಸುವ ಎಲ್ಲರ ಆಸೆ. ಆದರೆ ಒಸಿಆರ್ ಕೊಡುವುದು ಕರಡು. ಕನ್ನಡ ವಿಕಿಸೋರ್ಸ್‌ನಲ್ಲಿ ಸ್ವಯಂಸೇವಕರು ಒಂದೊಂದು ಪುಟವನ್ನೂ ಮೂಲದ ಚಿತ್ರದ ಪಕ್ಕದಲ್ಲಿಟ್ಟು ತಿದ್ದುತ್ತಾರೆ. ಆ ಕೆಲಸ ಮನುಷ್ಯರ ಸಮಯ ಬೇಡುವ ಕೆಲಸ. ದ-ಧ ಸೀಳು ಶಾಯಿಯಲ್ಲಿ ಮುಚ್ಚಿಹೋದ ಕಡೆ, ಱ ೞ ಬರುವ ಕಡೆ ಯಂತ್ರ ಎಡವುತ್ತದೆ. ತಿದ್ದದ ಪಠ್ಯವನ್ನು ನಂಬಿ ಓದುವ ವಿದ್ವಾಂಸನಿಲ್ಲ, ಓದಬಾರದು ಕೂಡ. ಪಠ್ಯ ಸಿದ್ಧವಾದ ಮೇಲೂ ಅನುಮಾನ ಬಂದ ಕಡೆ ಮೂಲಪುಟವನ್ನು ತೆರೆದು ನೋಡಲೇಬೇಕು. ತಿದ್ದಿದ ಪಠ್ಯ ಸಿಗುವವರೆಗೆ ಓದನ್ನು ಮುಂದೂಡಿ ಕೂರುವುದಕ್ಕೆ ಯಾರಿಗೂ ಆಯುಷ್ಯವಿಲ್ಲ. ಸಾಧನ ಕೊಳ್ಳುವುದು ಮುಂದಿನ ನಾಲ್ಕೈದು ವರ್ಷದ ಓದಿಗೆ; ಆ ವರ್ಷಗಳಲ್ಲಿ ಕನ್ನಡದ ಹಳೆಯ ಬರವಣಿಗೆ ಬಹುಪಾಲು ಪುಟವಾಗಿಯೇ ಇರುತ್ತದೆ.

ಇನ್ನು ಅಂಗಡಿಯ ವಿಷಯ. ದೊಡ್ಡ ಅಂಗಡಿ ಇರುವ ಸಾಧನವೇ ಒಳ್ಳೆಯದು ಎಂಬ ಮಾತು ಆ ಅಂಗಡಿಯಲ್ಲಿ ನಮ್ಮ ಭಾಷೆಗೆ ಕಪಾಟು ಇದೆ ಎಂದು ಮೊದಲೇ ಒಪ್ಪಿಕೊಂಡಿರುತ್ತದೆ. 2016ರ ಕೊನೆಯಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕಗಳನ್ನು ಆರಂಭಿಸಿದಾಗ ಪಟ್ಟಿಯಲ್ಲಿದ್ದದ್ದು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕಗಳು ಬೆಳೆದದ್ದು ಬೇರೆ ಕಡೆ: ಮೈಲ್ಯಾಂಗ್‌ನಂಥ ಕನ್ನಡಿಗರದೇ ಆ್ಯಪ್‌ಗಳಲ್ಲಿ, ಗೂಗಲ್ ಪ್ಲೇ ಬುಕ್ಸ್‌ನಲ್ಲಿ. ಈ ಆ್ಯಪ್‌ಗಳು ಓಡಲು ಆ್ಯಂಡ್ರಾಯ್ಡ್ ಇರುವ ಇ-ಇಂಕ್ ಸಾಧನ ಬೇಕು, ಬೂಕ್ಸ್ ಅಂಥದ್ದು. ಮೊಹರು ಹಾಕಿದ ಕಿಂಡಲ್ ಒಳಗೆ ಅವು ಕೂರುವುದಿಲ್ಲ. ಆ್ಯಂಡ್ರಾಯ್ಡ್ ಇ-ಇಂಕ್ ಪರದೆಯ ಮೇಲೆ ನಿಧಾನ, ಬ್ಯಾಟರಿ ಬೇಗ ಕುಡಿಯುತ್ತದೆ, ಕೆಲವು ವರ್ಷಕ್ಕೆ ಅದರ ಆವೃತ್ತಿ ಹಳತಾಗುತ್ತದೆ ಎಂಬ ಆಕ್ಷೇಪಗಳು ಸರಿಯೇ. ಹೊಸ ಕನ್ನಡ ಪುಸ್ತಕಗಳನ್ನು ಕೊಂಡು ಓದುವವರಿಗೆ ಆ ಕೊರತೆಗಳು, ಪುಸ್ತಕವೇ ತೆರೆಯದಿರುವ ಕೊರತೆಗಿಂತ ಚಿಕ್ಕವು. ಕೊಳ್ಳದೆ ಬರಿಯ ಕಡತ ಓದುವವರಿಗೆ ಕೋಬೋ ಅಥವಾ ಪಾಕೆಟ್‌ಬುಕ್ ಸಾಕು. ಕೇಬಲ್ ಹಾಕಿ ಕಡತ ತುಂಬಬಹುದು, ಯೂನಿಕೋಡ್ ಕನ್ನಡ ಫಾಂಟನ್ನು ಸೇರಿಸಬಹುದು, ಕೆಒರೀಡರ್ ಹಾಕಿಕೊಳ್ಳಬಹುದು.

ಅಂಗಡಿಗೆ ಕಟ್ಟಿಹಾಕಿಕೊಳ್ಳುವುದರ ಅಪಾಯ ಭಾಷೆಗಷ್ಟೇ ಸಂಬಂಧಿಸಿದ್ದಲ್ಲ. 2009ರ ಜುಲೈಯಲ್ಲಿ ಜಾರ್ಜ್ ಆರ್ವೆಲ್‌ನ ‘1984’ ಮತ್ತು ‘ಅನಿಮಲ್ ಫಾರ್ಮ್’ ಕೃತಿಗಳ ಒಂದು ಆವೃತ್ತಿಗೆ ಹಕ್ಕಿರಲಿಲ್ಲವೆಂದು ಅಮೆಜಾನ್ ಅವುಗಳನ್ನು ಕೊಂಡವರ ಕಿಂಡಲ್‌ಗಳಿಂದಲೇ ದೂರದಿಂದ ಅಳಿಸಿಹಾಕಿತು. ದುಡ್ಡು ವಾಪಸಾಯಿತು, ಸಂಸ್ಥೆಯ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. ಆದರೆ ಓದುಗನ ಕಪಾಟಿಗೆ ಅಂಗಡಿಯವನ ಕೈ ಎಟುಕುತ್ತದೆ ಎಂಬುದು ಆ ದಿನ ಲೋಕಕ್ಕೆ ಗೊತ್ತಾಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು, ಕೊಂಡ ಪುಸ್ತಕಗಳು ತೆರೆಯದಾದವು. 2025ರ ಫೆಬ್ರವರಿಯಲ್ಲಿ ಅಮೆಜಾನ್ ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಮೂಲಕ ಕಿಂಡಲ್‌ಗೆ ಸಾಗಿಸುವ ದಾರಿಯನ್ನು ಮುಚ್ಚಿತು. ಓದುಗನ ಸ್ವಂತ ಪಿಡಿಎಫ್‌ಗಳಿಗೆ ಕೇಬಲ್ ಇನ್ನೂ ತೆರೆದಿದೆ, ನಿಜ. ಆದರೆ ಬಾಗಿಲುಗಳು ಯಾವ ದಿಕ್ಕಿಗೆ ಮುಚ್ಚಿಕೊಳ್ಳುತ್ತಿವೆ ಎಂಬುದು ಸ್ಪಷ್ಟ. ಬದುಕಿಡೀ ಕೂಡಿಸಿದ ಕಡತಗಳ ಸಂಗ್ರಹವನ್ನು ಇಟ್ಟುಕೊಂಡವರು, ಆ ಕಡತಗಳನ್ನು ಸಾಮಾನ್ಯ ಫೋಲ್ಡರ್‌ಗಳಾಗಿ ತೋರಿಸುವ, ಯಾವ ಖಾತೆಯೂ ಇಲ್ಲದೆ ತೆರೆಯುವ ಸಾಧನವನ್ನೇ ಆರಿಸಬೇಕು.

ಬೆಲೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು. 2022ರಲ್ಲಿ ಅಮೆರಿಕದಲ್ಲಿ ಆರಿಂಚಿನ ಸಾದಾ ಕಿಂಡಲ್ ಸುಮಾರು 100 ಡಾಲರಿಗೆ, 10.2 ಇಂಚಿನ ಕಿಂಡಲ್ ಸ್ಕ್ರೈಬ್ ಸುಮಾರು 340 ಡಾಲರಿಗೆ ಬಂದವು; ಮೂರು ಪಟ್ಟಿಗೂ ಮಿಗಿಲು. ಸಂಶೋಧನ ವಿದ್ಯಾರ್ಥಿಗೆ, ಹಳ್ಳಿಯ ಶಾಲೆಯ ಮೇಷ್ಟರಿಗೆ ಇದು ಸಣ್ಣ ಮೊತ್ತವಲ್ಲ. ಆದರೆ ಅಗ್ಗ ಎನ್ನುವುದನ್ನು ಬೆಲೆಯಿಂದ ಅಳೆಯುವುದೋ ಓದಿದ ಪುಟಗಳಿಂದ ಅಳೆಯುವುದೋ? ಪುಟ ಓದಲಾಗದ ಅಗ್ಗದ ಸಾಧನವನ್ನು ಕೊಂಡವನು ಆ ದುಡ್ಡನ್ನೂ ಕಳೆದುಕೊಳ್ಳುತ್ತಾನೆ, ಆಮೇಲೆ ಜೆರಾಕ್ಸ್ ಅಂಗಡಿಗೂ ದುಡ್ಡು ಕೊಡುತ್ತಾನೆ. ದೊಡ್ಡದಕ್ಕೆ ಕೈ ಹಿಡಿಯದವರು 7.8 ಇಂಚಿನಲ್ಲಿ ಅಂಚು ಕತ್ತರಿಸಿ ಓದುವ ದಾರಿ ಹಿಡಿಯಬಹುದು. ಬಳಸಿದ ಸಾಧನ ಹುಡುಕಬಹುದು. ಅದೂ ಆಗದಿದ್ದರೆ ದುಡ್ಡು ಕೂಡುವವರೆಗೆ ಕೊಳ್ಳದೆ ಇರುವುದೂ ಒಂದು ಸರಿಯಾದ ನಿರ್ಧಾರವೇ.

ಹಾಗಾದರೆ ಟ್ಯಾಬ್ಲೆಟ್ ಏಕಾಗಬಾರದು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಹತ್ತಿಂಚಿನ ಸಾಧಾರಣ ಟ್ಯಾಬ್ಲೆಟ್ ದೊಡ್ಡ ಇ-ಇಂಕ್‌ಗಿಂತ ಅಗ್ಗ, ವೇಗ, ಬಣ್ಣವೂ ಇದೆ. ನಕ್ಷೆ, ಬಣ್ಣದ ಪಠ್ಯಪುಸ್ತಕ, ಚಿತ್ರಕಲೆಯ ಗ್ರಂಥ, ನೂರಾರು ಎಂಬಿಯ ಭಾರಿ ಸ್ಕ್ಯಾನ್, ಪದೇ ಪದೇ ಹುಡುಕಿ ಜಿಗಿಯುವ ಆಕರಗ್ರಂಥ ಇವುಗಳಿಗೆ ಟ್ಯಾಬ್ಲೆಟ್ಟೇ ಮೇಲು; ಇದನ್ನು ಒಪ್ಪದ ಇ-ಇಂಕ್ ಭಕ್ತಿ ನನಗೆ ಬೇಡ. ಇ-ಇಂಕ್ ಕಣ್ಣಿಗೆ ಔಷಧವೆಂಬ ಅತಿಶಯೋಕ್ತಿಯೂ ಬೇಡ. ಅದರ ಮುಂಬೆಳಕೂ ಎಲ್‌ಇಡಿಯೇ. ಆದರೆ ಮೊದಲಿನಿಂದ ಕೊನೆಯವರೆಗೆ, ಗಂಟೆಗಟ್ಟಲೆ, ಕಿಟಕಿಯ ಬಳಿ ಅಥವಾ ಜಗಲಿಯ ಹಗಲು ಬೆಳಕಿನಲ್ಲಿ, ಕರೆ ಸಂದೇಶಗಳ ಕಾಟವಿಲ್ಲದೆ ಓದುವುದಕ್ಕೆ ಪ್ರತಿಫಲನದ ಪರದೆ ಕೊಡುವ ಸಮಾಧಾನವನ್ನು ಹೊಳೆಯುವ ಗಾಜು ಕೊಡುವುದಿಲ್ಲ. ಯಾವ ಓದು ನಿಮ್ಮದು ಎಂಬುದರ ಮೇಲೆ ಆಯ್ಕೆ ನಿಂತಿದೆ. ನನ್ನ ವಾದ ಇಲ್ಲಿಯೂ ಬದಲಾಗುವುದಿಲ್ಲ.

ದೊಡ್ಡದೆಲ್ಲ ಒಳ್ಳೆಯದು ಎಂಬ ತಿರುಗುಮುರುಗಾದ ನಂಬಿಕೆಗೂ ಈ ಲೇಖನ ಒತ್ತಾಸೆಯಲ್ಲ. 2009ರಲ್ಲಿ ಅಮೆಜಾನ್ 9.7 ಇಂಚಿನ ಕಿಂಡಲ್ ಡಿಎಕ್ಸ್ ತಂದಾಗ ಪ್ರಿನ್ಸ್‌ಟನ್, ರೀಡ್ ಕಾಲೇಜು ಮೊದಲಾದ ಅಮೆರಿಕದ ವಿದ್ಯಾಸಂಸ್ಥೆಗಳು ಅದನ್ನು ವಿದ್ಯಾರ್ಥಿಗಳಿಗೆ ಕೊಟ್ಟು ಪರೀಕ್ಷಿಸಿದವು. ಪರದೆ ದೊಡ್ಡದಿತ್ತು, ಕಾಗದ ಉಳಿಯಿತು. ಆದರೂ ಅಂಚಿನಲ್ಲಿ ಟಿಪ್ಪಣಿ ಬರೆಯುವುದು, ಹಿಂದಿನ ಪುಟಕ್ಕೂ ಮುಂದಿನ ಪುಟಕ್ಕೂ ಓಡಾಡುವುದು ಕಷ್ಟ ಎಂದು ವಿದ್ಯಾರ್ಥಿಗಳು ದೂರಿದರು. ಕಣ್ಣಿಲ್ಲದವರು ಅದನ್ನು ಸ್ವತಂತ್ರವಾಗಿ ಬಳಸಲಾರರು ಎಂದು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆಯೂ ಆಯಿತು. ಪರದೆಯ ಜೊತೆಗೆ ಪ್ರೊಸೆಸರ್, ಪೆನ್ನು, ತಂತ್ರಾಂಶವನ್ನೂ ನೋಡಬೇಕೆಂಬುದು ಅಲ್ಲಿನ ಪಾಠ. ಈಗಿನ ಬಣ್ಣದ ಇ-ಇಂಕ್ ಬಗ್ಗೆಯೂ ಇದೇ ಎಚ್ಚರ ಇರಲಿ. ಕೆಲೈಡೊ 3 ಪರದೆಯಲ್ಲಿ ಕಪ್ಪು-ಬಿಳುಪು 300 ಪಿಪಿಐ ಇದ್ದರೆ ಬಣ್ಣ 150 ಮಾತ್ರ. ಬಣ್ಣಕ್ಕಾಗಿ ಹಾಕಿದ ಸೋಸುಪದರ ಬಿಳಿಯನ್ನು ಮಂಕು ಮಾಡುತ್ತದೆ. ಹಳದಿಗಟ್ಟಿದ ಕಾಗದದ ಸ್ಕ್ಯಾನ್ ಓದುವವನಿಗೆ ಬೇಕಾದದ್ದು ಬಣ್ಣವಲ್ಲ, ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಅಂತರ. ಆ ಅಂತರವನ್ನು ಹೆಚ್ಚಿಸುವ ಸೌಲಭ್ಯ ತಂತ್ರಾಂಶದಲ್ಲಿ ಇದೆಯೇ ಎಂದು ಕೇಳಬೇಕು.

ಆದ್ದರಿಂದ ಕೊಳ್ಳುವ ಕ್ರಮವನ್ನು ತಲೆಕೆಳಗು ಮಾಡಬೇಕು. ನೀವು ಮುಂದಿನ ವರ್ಷ ಓದಲೇಬೇಕೆಂದಿರುವ ಕಡತಗಳಲ್ಲಿ ಮೂರನ್ನು ಆರಿಸಿ: ಅತಿ ಹಳೆಯ ಸ್ಕ್ಯಾನ್ ಒಂದು, ಅತಿ ದೊಡ್ಡ ಪುಟದ್ದು ಒಂದು, ಯೂನಿಕೋಡ್ ಕನ್ನಡದ ಇಪಬ್ ಒಂದು. ಮೊದಲೆರಡರ ಪುಟದ ಅಳತೆ ನೋಡಿ. ಪರದೆಯ ಅಗಲ ಎತ್ತರಗಳನ್ನು ಪುಟದ ಅಗಲ ಎತ್ತರಗಳಿಂದ ಭಾಗಿಸಿ, ಚಿಕ್ಕ ಉತ್ತರವನ್ನು ಹಿಡಿಯಿರಿ. ಅದು ಶೇಕಡ 70ಕ್ಕಿಂತ ಕೆಳಗಿದ್ದರೆ ಆ ಸಾಧನ ಬೇಡ. ಡೆಮಿ 1/8 ಪುಸ್ತಕಗಳೇ ಹೆಚ್ಚಾದರೆ 7.8 ಇಂಚು ಕನಿಷ್ಠ, 10.3 ನೆಮ್ಮದಿ. ಎ4 ಪ್ರಬಂಧ, ಆದೇಶ, ಪತ್ರಿಕೆಗಳೇ ಹೆಚ್ಚಾದರೆ 10.3 ಕನಿಷ್ಠ, 13.3 ನೆಮ್ಮದಿ. ಹೊಸ ಕಾದಂಬರಿಗಳ ಇಪಬ್ ಮಾತ್ರ ಓದುವವರು ಆರಿಂಚನ್ನು ಸಂತೋಷದಿಂದ ಕೊಳ್ಳಲಿ, ಅವರಿಗೆ ಅದೇ ಸರಿ. ಮೂರನೆಯ ಕಡತವನ್ನು ಸಾಧನದಲ್ಲಿ ತೆರೆದು ‘ಸ್ತ್ರೀ’, ‘ಅರ್ಘ್ಯ’, ‘ರಾಷ್ಟ್ರ’ ಪದಗಳನ್ನು ಹುಡುಕಿ; ಒತ್ತುಗಳು ಕಳಚಿ ಪಕ್ಕಕ್ಕೆ ಬಿದ್ದಿದ್ದರೆ ಆ ತಂತ್ರಾಂಶಕ್ಕೆ ಕನ್ನಡ ಬರುವುದಿಲ್ಲ ಎಂದರ್ಥ.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ತಪ್ಪು ಸಾಧನ ಕೊಂಡವನು ಸಾಧನವನ್ನು ದೂರುವುದಿಲ್ಲ. ಡಿಜಿಟಲ್‌ನಲ್ಲಿ ಕನ್ನಡ ಓದುವುದು ಆಗದ ಕೆಲಸ ಎಂದು ತೀರ್ಮಾನಿಸಿಬಿಡುತ್ತಾನೆ. ಆ ತೀರ್ಮಾನದ ಬೆಲೆಯನ್ನು ತೆರುವುದು ಸ್ಕ್ಯಾನರಿನ ಮುಂದೆ ಬೆನ್ನು ಬಗ್ಗಿಸಿ ಕೂತು ಹಳೆಯ ಪುಸ್ತಕಗಳನ್ನು ಉಳಿಸುತ್ತಿರುವವರ ಶ್ರಮ. ಪುಟಗಳು ಉಳಿದವು, ಓದುವವರಿಲ್ಲ ಎಂಬ ಸ್ಥಿತಿ ಬರಬಾರದು. ಒಬ್ಬೊಬ್ಬರೂ ದೊಡ್ಡ ಸಾಧನ ಕೊಳ್ಳಲಾಗದು ಎಂಬುದು ನಿಜವಾದ್ದರಿಂದಲೇ ಕನ್ನಡ ಅಧ್ಯಯನ ವಿಭಾಗಗಳು, ಕನ್ನಡ ವಿಶ್ವವಿದ್ಯಾಲಯದ ಗ್ರಂಥಾಲಯ, ಜಿಲ್ಲಾ ಕೇಂದ್ರ ಗ್ರಂಥಾಲಯಗಳು 10.3 ಇಂಚಿನ ಕೆಲವು ಸಾಧನಗಳನ್ನಾದರೂ ಕೊಂಡು ಪುಸ್ತಕದಂತೆ ಎರವಲು ಕೊಡಬೇಕು. ಪ್ರಕಾಶಕರು ಹೊಸ ಪುಸ್ತಕಗಳನ್ನು ಹಳೆಯ ಫಾಂಟಿನ ಪಿಡಿಎಫ್ ಆಗಿ ಹೊರಬಿಡುವುದನ್ನು ನಿಲ್ಲಿಸಿ ಯೂನಿಕೋಡ್ ಇಪಬ್ ಕೊಡಬೇಕು; ಆಗ ಮುಂದಿನ ತಲೆಮಾರಿನ ಓದುಗರಿಗೆ ಚಿಕ್ಕ ಪರದೆ ನಿಜವಾಗಿಯೂ ಸಾಕಾದೀತು. ಆ ಕಾಲ ಬರುವವರೆಗೆ ಸಲಹೆ ಕೇಳಿದವರಿಗೆ ಬ್ರ್ಯಾಂಡಿನ ಹೆಸರು ಹೇಳಬೇಡಿ. ನೀನು ಓದುವುದೇನು, ಅದರ ಪುಟ ಎಷ್ಟು ದೊಡ್ಡದು ಎಂದು ಕೇಳಿ. ಉತ್ತರ ಗೊತ್ತಿದ್ದವನಿಗೆ ಯಾವ ಸಾಧನ ಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಉತ್ತರ ಗೊತ್ತಿಲ್ಲದವನು ಇನ್ನೂ ಕೊಳ್ಳುವ ಹೊತ್ತಿಗೆ ಬಂದಿಲ್ಲ.